ಹಿಮ್ಮಡಿ ಮುಚ್ಚಿದ ಬಿಲ

ವೋಲ್ಫ್ಸ್‌ಬುರ್ಗ್

ಜುಲೈ ತಿಂಗಳ ಒಂದು ಸೆಕೆಯ ಸಂಜೆ ನಮ್ಮ ಮನೆಯೊಡತಿ ಫ್ರಾವ್ ವೆಂಟ್ ಚಳಿಗಾಲದ ಕೋಟೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ‘ಒಳಗೆ ಕೈ ಹಾಕಿ ನೋಡಿ’ ಎಂದರು.

ಹೊರಗೆ ಬೂದು ಬಣ್ಣದ ಸಾಧಾರಣ ಉಣ್ಣೆ ಬಟ್ಟೆ. ಒಳಗೆ ಕೈ ಹಾಕಿದರೆ ಬೆಕ್ಕಿನ ಮೈ ಸವರಿದ ಹಾಗಾಯಿತು. ತಿರುವಿ ನೋಡಿದೆ. ಅಂಗೈ ಅಗಲದ ತೊಗಲಿನ ತುಂಡುಗಳು, ಕೆಂಗಂದು, ಅಂಚಿಗೆ ಬಿಳಿ ಮಚ್ಚೆ, ಒಂದರ ಪಕ್ಕ ಒಂದು, ನಮ್ಮ ಕಡೆಯ ಕೌದಿಯ ಹಾಗೆ ಹೊಲಿದಿದ್ದವು.

‘ಯಾವ ಪ್ರಾಣಿ?’

‘ಹೊಲದ ಹಾಮ್‌ಸ್ಟರ್. ದೊಡ್ಡ ಇಲಿ ಅಂದುಕೊಳ್ಳಿ. ಇದು ನನ್ನ ತಾಯಿಯ ಕೋಟು. ಇದರಲ್ಲಿ ಕೆಲವನ್ನು ನಾನೇ ಹಿಡಿದದ್ದು.’

ಕೋಟು ಬೂದು ಎಂದು ಬರೆದೆ. ಡೆರಿಕ್ ಅದು ಹಸಿರು ಎನ್ನುತ್ತಾನೆ. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಓದುಗರೂ ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.

ಡೆರಿಕ್ ಮಂಗಳೂರಿನವನು, ನಾನು ನವಲಗುಂದದ ಕಡೆಯವನು. ಕಂಪ್ಯೂಟರ್ ಕಲಿತವರು ಬೇಕು ಎಂದು ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆದ ವರ್ಷಗಳಲ್ಲಿ ಇಬ್ಬರೂ ಬಂದು ಕಾರುಗಳ ಈ ಊರಿನಲ್ಲಿ ಒಂದೇ ಮನೆಯ ಮೇಲಂತಸ್ತಿನಲ್ಲಿ ಸೇರಿಕೊಂಡಿದ್ದೆವು. ಫ್ರಾವ್ ವೆಂಟ್ ಕೆಳಗೆ ಒಬ್ಬರೇ ಇದ್ದರು. ನಿವೃತ್ತ ಶಾಲಾ ಶಿಕ್ಷಕಿ. ಗಾಜಿನ ಬಾಟಲಿಯನ್ನು ತಪ್ಪು ಬಣ್ಣದ ಡಬ್ಬಿಗೆ ಹಾಕಿದರೆ ಅವರ ಮುಖ ನೋಡಬೇಕಿತ್ತು.

ಆ ಸಂಜೆ ಅವರು ಕೋಟಿನ ಕಥೆ ಹೇಳಿ, ಆಮೇಲೆ ಕೆಲಸ ಹೇಳಿದರು. ಅವರು ಹುಟ್ಟಿದ ಹಳ್ಳಿಯಲ್ಲಿ ಹಿಂದೆ ಈ ಪ್ರಾಣಿ ಎಷ್ಟಿತ್ತೆಂದರೆ ಶಾಲೆಯ ಮಕ್ಕಳನ್ನೇ ಹಿಡಿಯಲು ಕಳಿಸುತ್ತಿದ್ದರಂತೆ. ಬಿಲಕ್ಕೆ ಕೊಡಗಟ್ಟಲೆ ನೀರು ಹೊಯ್ಯುವುದು, ಮೇಲೆ ಬಂದದ್ದನ್ನು ಬಡಿಯುವುದು. ತೊಗಲು ಕೋಟಿಗೆ, ಬಿಲದಲ್ಲಿದ್ದ ಕಾಳು ಕೋಳಿಗೆ. ಆದರೂ ಅವು ಉಳಿದವು. ಆಮೇಲೆ ದೊಡ್ಡ ಯಂತ್ರಗಳು ಬಂದವು. ಬೆಳಗ್ಗೆ ಗೋಧಿ ನಿಂತಿದ್ದ ಹೊಲ ಸಂಜೆಗೆ ಬೋಳು. ವಾರ ಕಳೆಯುವುದರೊಳಗೆ ಉಳುಮೆ. ಚಳಿಗಾಲಕ್ಕೆ ಕಾಳು ಕೂಡಿಡುವ ಪ್ರಾಣಿಗೆ ಕೂಡಿಡಲು ಸಮಯವೂ ಇಲ್ಲ, ಹದ್ದಿನಿಂದ ಮರೆಯಾಗಲು ಒಂದು ಕಡ್ಡಿಯೂ ಇಲ್ಲ. ಈಗ ಹಿಡಿಯುವುದಿರಲಿ, ಮುಟ್ಟಿದರೂ ಕಾನೂನು ಬರುತ್ತದೆ. ಆದರೆ ಕಾನೂನು ಬರುವಾಗ ಪ್ರಾಣಿ ಹೊರಟಾಗಿತ್ತು.

‘ಹೋದ ವರ್ಷ ನಮ್ಮ ಹಳ್ಳಿಯಲ್ಲಿ ಒಂದೇ ಹೊಲದಲ್ಲಿ ಬಿಲ ಸಿಕ್ಕಿತು. ಹರ್ಮಾನ್ ಕ್ರೂಸೆಯ ಹೊಲ. ಈ ವರ್ಷ ಅಲ್ಲೂ ಸಿಗದಿದ್ದರೆ ನಮ್ಮ ಹಳ್ಳಿಯಲ್ಲಿ ಮುಗಿಯಿತು. ಕೊಯ್ಲಿಗೂ ಉಳುಮೆಗೂ ನಡುವೆ ಎರಡು ಮೂರು ದಿನ ಸಿಗುತ್ತದೆ. ಆಗ ಸಾಲಾಗಿ ನಡೆದು ನೆಲ ನೋಡಬೇಕು. ಬಿಲ ತೋರಿಸಿದರೆ ಅಷ್ಟು ಜಾಗ ಉಳದೆ ಬಿಡುತ್ತೇನೆ ಅಂದಿದ್ದಾನೆ. ನನ್ನ ಜೊತೆ ಬರುತ್ತಿದ್ದ ಇಬ್ಬರಿಗೂ ಈ ಸಲ ಆಗುವುದಿಲ್ಲ. ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ?’

ಮೇಲೆ ಬಂದ ಮೇಲೆ ಡೆರಿಕ್ ಶೂ ಬಿಸಾಡಿದ. ‘ಎಂತ ಸಾವು ಮಾರಾಯ. ನಮ್ಮಲ್ಲಿ ಇಲಿ ಹಿಡಿಲಿಕ್ಕೆ ಬೋನು ಇಡ್ತಾರೆ. ಇಲ್ಲಿ ಇಲಿ ಉಂಟಾ ಅಂತ ಹುಡುಕ್ಲಿಕ್ಕೆ ಎಂಜಿನಿಯರ್ಸ್ ಹೋಗ್ಬೇಕಾ?’

‘ಹೋಗೂಣಲೇ. ಶನಿವಾರ ಇಲ್ಲಿ ಏನ್ ಮಾಡ್ತಿ? ಬಟ್ಟಿ ಒಗಿತಿ.’

ನನಗೂ ನಂಬಿಕೆ ಇರಲಿಲ್ಲ. ಹೊಟ್ಟೆ ತುಂಬಿದವರ ಹವ್ಯಾಸ ಎಂದೇ ಅನ್ನಿಸಿತ್ತು. ಆದರೆ ಆ ಕೋಟಿನೊಳಗೆ ಕೈ ಹಾಕಿದಾಗ ಒಂದು ಚಿತ್ರ ಎದ್ದು ಬಂದಿತ್ತು: ಎರೆ ಹೊಲದಲ್ಲಿ ನಮ್ಮ ಅಜ್ಜಿ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಇಲಿಯ ಬಿಲ ಅಗೆದು ಜೋಳದ ತೆನೆ ತೆಗೆದು ಉಡಿಗೆ ಹಾಕಿಕೊಳ್ಳುತ್ತಿದ್ದಾಳೆ. ಇದನ್ನು ನಾನು ಕಂಡೆನೋ ಯಾರೋ ಹೇಳಿದ್ದೋ ಗೊತ್ತಿಲ್ಲ. ಆ ಅನುಮಾನವೇ ನನ್ನನ್ನು ಹೊರಡಿಸಿತು.

ಬ್ರೌನ್‌ಶ್ವೈಗ್ ದಾಟಿದ ಮೇಲೆ

ಆಗಸ್ಟ್ ಮೊದಲ ವಾರ ಕರೆ ಬಂತು. ಹರ್ಮಾನ್ ಕ್ರೂಸೆ ಕೊಯ್ಲು ಮುಗಿಸಿದ್ದಾರೆ. ಶನಿವಾರ ರೈಲಿನಲ್ಲಿ ಬ್ರೌನ್‌ಶ್ವೈಗ್, ಅಲ್ಲಿಂದ ಬಸ್ಸು. ಫ್ರಾವ್ ವೆಂಟ್ ಚೀಲದಿಂದ ಬೇಯಿಸಿದ ಮೊಟ್ಟೆ, ಕಾಗದದ ಪೊಟ್ಟಣದಲ್ಲಿ ಉಪ್ಪು ತೆಗೆದರು. ಗದಗ ಸ್ಟೇಶನ್ ದಾಟಿದ ಕೂಡಲೇ ಬುತ್ತಿ ಬಿಚ್ಚುವ ನಮ್ಮವರಿಗೂ ಇವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ನಾನು ಮೊಟ್ಟೆ ತಿನ್ನುವುದಿಲ್ಲ ಎಂದಾಗ ಮಾತ್ರ ಅವರು ಗಾಬರಿಯಾದರು. ನನ್ನ ಪಾಲಿನದೂ ಡೆರಿಕ್‌ಗೇ ಹೋಯಿತು.

ಬಸ್ಸಿನ ಕಿಟಕಿಯ ಆಚೆ ಹೊಲಗಳು ದೊಡ್ಡದಾಗುತ್ತ ಹೋದವು. ಬೇಲಿಯಿಲ್ಲ, ಬದುವಿಲ್ಲ, ಮರವಿಲ್ಲ. ಆಗಲೇ ಉತ್ತ ಹೊಲವೊಂದು ಪಕ್ಕದಲ್ಲಿ ಬಂತು. ನಾನು ಎದ್ದು ನಿಂತುಬಿಟ್ಟೆ.

ಮಣ್ಣು ಕಪ್ಪಗಿತ್ತು.

ಜರ್ಮನಿಗೆ ಬಂದು ವರ್ಷವಾಗಿತ್ತು. ಕಾಡು, ಕಾರ್ಖಾನೆ, ಹುಲ್ಲು ಕಂಡಿದ್ದೆ, ಮಣ್ಣನ್ನು ಕಂಡಿರಲಿಲ್ಲ. ಇಲ್ಲಿ ನೋಡಿದರೆ ನಮ್ಮ ಎರೆ ಭೂಮಿಯೇ, ದಿಗಂತದವರೆಗೆ, ಹೊಸದಾಗಿ ಮಗುಚಿಹಾಕಿದ ಹೆಂಟೆ ಬಿಸಿಲಿಗೆ ಮಿರುಗುತ್ತಿದೆ. ಯಾರೋ ನವಲಗುಂದದ ಹೊಲಗಳನ್ನು ಹೊತ್ತು ತಂದು ಚರ್ಚಿನ ಗೋಪುರಗಳ ನಡುವೆ ಹಾಸಿದ್ದಾರೆ.

‘ಕೂತ್ಕೊ ಮಾರಾಯ, ಎಲ್ಲ ನೋಡ್ತಿದ್ದಾರೆ,’ ಎಂದ ಡೆರಿಕ್. ಅವನಿಗೆ ಅದು ಬರೀ ಕೊಳೆ. ಕೆಂಪು ಮಣ್ಣಿನವರಿಗೆ ಹೇಳಿ ಪ್ರಯೋಜನವಿಲ್ಲ.

ಕೂಳೆ ಹೊಲ

ಬಸ್‌ಸ್ಟಾಪಿನಲ್ಲೇ ಹರ್ಮಾನ್ ಕ್ರೂಸೆ ನಿಂತಿದ್ದರು. ಎತ್ತರದ ಮನುಷ್ಯ, ನೀಲಿ ಕೆಲಸದಂಗಿ, ಮಾತು ಕಡಿಮೆ. ಫ್ರಾವ್ ವೆಂಟ್ ಮತ್ತು ಅವರು ಒಂದೇ ತರಗತಿಯಲ್ಲಿ ಓದಿದವರು.

‘ಹೆಲ್ಗಾ, ಈ ವರ್ಷ ಹೊಸ ಸೈನ್ಯವನ್ನೇ ತಂದಿದ್ದೀಯಾ?’

‘ನಿನ್ನ ಟ್ರ್ಯಾಕ್ಟರ್ ಎದುರಿಗೆ ಸೈನ್ಯವೂ ಸಾಲುವುದಿಲ್ಲ, ಹರ್ಮಾನ್.’

‘ನಾಳೆ ಮಧ್ಯಾಹ್ನ ಮಳೆ ಅಂತ ರೇಡಿಯೋ ಹೇಳಿದೆ. ಇವತ್ತು ಸಂಜೆ ಉಳಬೇಕು ಅಂತಿದ್ದೇನೆ. ಅಷ್ಟರಲ್ಲಿ ತೋರಿಸು.’

ಇವರ ಅವಸರ ನನಗೆ ಅರ್ಥವಾಯಿತು, ಫ್ರಾವ್ ವೆಂಟ್ ಮುಂದೆ ಹೇಳಲಿಲ್ಲ ಅಷ್ಟೇ. ಮಳೆ ಬಿದ್ದ ಎರೆಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಅದರಲ್ಲಿ ನೇಗಿಲು ಓಡದು.

ನಮ್ಮ ಕೆಲಸ ಹೀಗೆ: ಕೈ ಚಾಚಿದರೆ ಬೆರಳು ತಾಗದಷ್ಟು ಅಂತರದಲ್ಲಿ ಮೂವರೂ ಸಾಲಾಗಿ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ನೆಲ ನೋಡುತ್ತ ನಡೆಯುವುದು. ತಿರುಗಿ, ಪಕ್ಕದ ಪಟ್ಟಿಯಲ್ಲಿ ಮತ್ತೆ. ಹಾಮ್‌ಸ್ಟರಿನ ಬಿಲ ಮುಷ್ಟಿ ಹೋಗುವಷ್ಟು ಅಗಲ. ಅದರಲ್ಲಿ ಒಂದು ಬಾಯಿ ನೇರ ಕೆಳಗೆ, ಬಾವಿಯ ಹಾಗೆ. ಗಿಡುಗ ಬಂದಾಗ ಧುಮುಕಲು. ಕಂಡರೆ ಕೈ ಎತ್ತಿ ನಿಲ್ಲಬೇಕು.

ಕೊಯ್ದ ಗೋಧಿಯ ಮೋಟು ಕೂಳೆ ಶೂಗೆ ಸರಕ್ ಸರಕ್ ಎಂದು ತಾಗುತ್ತಿತ್ತು. ನೆತ್ತಿಯ ಮೇಲೆ ಹದ್ದೊಂದು ನಮ್ಮಷ್ಟೇ ಶ್ರದ್ಧೆಯಿಂದ ಸುತ್ತುತ್ತಿತ್ತು. ಮೊದಲ ಕೆಲವು ಪಟ್ಟಿ ಕಣ್ಣು ಕಿತ್ತುಹೋಗುವಂತೆ ನೋಡಿದೆ. ಆಮೇಲೆ ತಲೆ ತನ್ನ ದಾರಿ ಹಿಡಿಯಿತು. ಒಂದು ಇಲಿ ಇದ್ದರೇನು, ಇಲ್ಲದಿದ್ದರೇನು? ನನ್ನ ವೀಸಾ ಮುಂದುವರಿಯುತ್ತದೋ ಇಲ್ಲವೋ? ಅಜ್ಜಿಯ ಸೀರೆ ಯಾವ ಬಣ್ಣದ್ದು?

ಆ ಹೊತ್ತಿನಲ್ಲೇ ಎಲ್ಲೋ ನನ್ನ ಮುಂದೆ ಒಂದು ತೂತು ಬಂತು. ನಾನು ಅದರ ಮೇಲೆ ಹಿಮ್ಮಡಿ ಇಟ್ಟೆ, ಒತ್ತಿದೆ, ಶೂ ತುದಿಯಿಂದ ಸುತ್ತಲಿನ ಮಣ್ಣು ಹುಲ್ಲು ತಳ್ಳಿ ಮುಚ್ಚಿ, ಒಮ್ಮೆ ತುಳಿದು ಮುಂದೆ ನಡೆದೆ.

ನಮ್ಮ ಕಡೆ ಹೊಲದಲ್ಲಿ ಬೆಳೆದ ಯಾವ ಹುಡುಗನೂ ಮಾಡುವುದು ಅದನ್ನೇ. ಬಿಲ ಕಂಡರೆ ಮುಚ್ಚು. ಯೋಚನೆ ಮಾಡಿ ಮಾಡುವ ಕೆಲಸವಲ್ಲ, ಸೊಳ್ಳೆ ಹೊಡೆದ ಹಾಗೆ. ಪಟ್ಟಿಯ ತುದಿ ಮುಟ್ಟಿ ತಿರುಗುವಾಗಲೇ ನಾನು ಮಾಡಿದ್ದೇನು ಎಂದು ತಿಳಿಯಿತು.

‘ಲೇ ಡೆರಿಕ್. ನಾ ಒಂದ್ ತೂತು ಮುಚ್ಚಿದೆ ಅನಸ್ತೈತಿ.’

‘ಮುಚ್ಚಿದ್ಯಾ? ಮಂಡೆ ಸಮ ಉಂಟಾ ನಿಂಗೆ? ನಾವು ಬಂದದ್ದು ಎಂತಕ್ಕೆ?’

‘ಕಾಲು ಮುಚ್ಚಿಬಿಡ್ತಲೇ.’

‘ಕಾಲಾ! ಎಲ್ಲಿ? ನೋಡಿದ್ದು ಹೌದಾ, ಇಲ್ಲ ನಿನ್ನ ಅಜ್ಜಿಯ ಹಾಗೆಯಾ?’

ಅಜ್ಜಿಯ ಚಿತ್ರದ ಬಗ್ಗೆ ಅವನಿಗೆ ರೈಲಿನಲ್ಲಿ ಹೇಳಿದ್ದೆ.

ಫ್ರಾವ್ ವೆಂಟ್‌ಗೆ ಡೆರಿಕ್ ಜರ್ಮನ್ ಭಾಷೆಯಲ್ಲಿ ವಿವರಿಸಿದ. ಅವರು ಬೈಯಲಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡು ‘ಎಲ್ಲಿ?’ ಎಂದರು, ಅಷ್ಟೇ. ನಾನು ವಿದ್ಯುತ್ ಕಂಬದ ಕಡೆ ಕೈ ತೋರಿಸಿದೆ. ಕಂಬ ನನ್ನ ಬಲಕ್ಕಿತ್ತು, ನೆರಳು ಕೂಳೆಯ ಮೇಲೆ ಬಿದ್ದಿತ್ತು, ಕಣ್ಣಿಗೆ ಕಟ್ಟಿದ ಹಾಗಿತ್ತು.

ಮೂವರೂ ಕಂಬದ ಸುತ್ತ ಮಂಡಿಯೂರಿ ಹುಲ್ಲು ಸರಿಸಿದೆವು. ಎಪ್ಪತ್ತರ ಹತ್ತಿರದ ಆ ಹೆಂಗಸು ಅಂಗೈಯಿಂದ ನೆಲವನ್ನು ತಟ್ಟಿ ತಟ್ಟಿ ಕೇಳಿಸಿಕೊಳ್ಳುತ್ತಿದ್ದರು. ಏನೂ ಸಿಗಲಿಲ್ಲ. ಉಳಿದ ಪಟ್ಟಿಗಳಲ್ಲೂ ಸಿಗಲಿಲ್ಲ. ಸಂಜೆ ಟ್ರ್ಯಾಕ್ಟರಿನ ಸದ್ದು ಕೇಳಿದಾಗ ಅವರು ಕಂಬಕ್ಕೆ ಒರಗಿ ಕೂತಿದ್ದರು. ಶೂ ಒಳಗೆ ಹೋದ ಕಡ್ಡಿಯನ್ನು ಕೂಡ ತೆಗೆದಿರಲಿಲ್ಲ.

‘ಹಾಗಾದರೆ ಇಲ್ಲ,’ ಎಂದರು ಹರ್ಮಾನ್ ಇಳಿದು ಬಂದು.

‘ಒಂದಿತ್ತು. ಇವರು ತುಳಿದು ಮುಚ್ಚಿದರು.’

ಹರ್ಮಾನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಜೋರಾಗಿ ನಕ್ಕರು. ‘ಹೆಲ್ಗಾ! ಹಾಮ್‌ಸ್ಟರ್ ಉಳಿಸಲು ಭಾರತದಿಂದ ಬೇಟೆಗಾರನನ್ನು ತರಿಸಿದ್ದೀಯಲ್ಲ!’

ಅವಮಾನದಲ್ಲೇ ನನಗೆ ಒಂದು ಹೊಳೆಯಿತು. ನಮ್ಮಲ್ಲಿ ಬಿಲ ಮುಚ್ಚುವುದು ಸುಮ್ಮನೆ ಅಲ್ಲ. ಸಂಜೆ ಹೊಲದ ತೂತುಗಳನ್ನೆಲ್ಲ ಮುಚ್ಚಿ ಬರುತ್ತಾರೆ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ, ಅಲ್ಲಿ ಅಗೆಯಬೇಕು. ಹರಕು ಜರ್ಮನ್, ಇಂಗ್ಲಿಷ್, ಕೈಸನ್ನೆ ಎಲ್ಲ ಸೇರಿಸಿ ಹೇಳಿದೆ.

ಹರ್ಮಾನ್ ನಗು ನಿಲ್ಲಿಸಿದರು. ‘ನಾವೂ ಹಾಗೇ ಮಾಡುತ್ತಿದ್ದೆವು,’ ಎಂದರು ಮೆಲ್ಲಗೆ. ‘ಯಾವುದಕ್ಕೆ ನೀರು ಹೊಯ್ಯಬೇಕು ಅಂತ ತಿಳಿಯಲು. ನೆನಪಿದೆಯಾ ಹೆಲ್ಗಾ?’

‘ಮುಚ್ಚಲು ಓಡುತ್ತಿದ್ದವಳು ನಾನು. ನಿನ್ನ ಕೈಯಲ್ಲಿ ಕೊಡ ಇರುತ್ತಿತ್ತು.’

ಹರ್ಮಾನ್ ಆಕಾಶ ನೋಡಿದರು, ನೆಲ ನೋಡಿದರು. ‘ಬೆಳಗ್ಗೆ ಬರುತ್ತೇನೆ. ಮಳೆಗೆ ಮುಂಚೆ. ಆಮೇಲೆ ಕಾಯುವುದಿಲ್ಲ.’

ಹರ್ಮಾನ್ ಮನೆಯ ಮೇಜು

ಕೊನೆಯ ಬಸ್ಸು ಮಧ್ಯಾಹ್ನವೇ ಹೋಗಿತ್ತು. ಭಾನುವಾರ ಬಸ್ಸೇ ಇಲ್ಲ ಎಂಬ ಸಂಗತಿಯನ್ನು ಜರ್ಮನಿಯ ಸಮಯಪಾಲನೆಯ ಬಗ್ಗೆ ಭಾಷಣ ಮಾಡುವವರು ಯಾರೂ ನನಗೆ ಹೇಳಿರಲಿಲ್ಲ. ಹೊಲ ಯಾರದೋ ಅವರ ಮನೆಯಲ್ಲೇ ಉಳಿಯಬೇಕಾಯಿತು.

ರಾತ್ರಿಯ ಊಟ ಎಂದರೆ ಇವರಿಗೆ ತಣ್ಣನೆಯ ಬ್ರೆಡ್ಡು, ಅದೂ ತಟ್ಟೆಯ ಬದಲು ಮರದ ಹಲಗೆಯ ಮೇಲೆ. ನನ್ನ ಸಲುವಾಗಿ ಹರ್ಮಾನ್ ಆಲೂಗಡ್ಡೆ ಸಲಾಡ್ ತಂದಿಟ್ಟರು. ಅದರಲ್ಲಿ ಮಾಂಸದ ಚೂರು ಇತ್ತು. ನಾನು ಮಾಂಸ ತಿನ್ನುವುದಿಲ್ಲ ಎಂದು ಡೆರಿಕ್ ಹೇಳಿದಾಗ ಆ ಮನುಷ್ಯ ಫೋರ್ಕಿನಿಂದ ಒಂದೊಂದೇ ಚೂರನ್ನು ಹೆಕ್ಕಿ ತನ್ನ ಹಲಗೆಗೆ ಹಾಕಿಕೊಳ್ಳತೊಡಗಿದರು. ಎಲ್ಲ ಮುಗಿಸಿ ಬಟ್ಟಲನ್ನು ನನ್ನ ಕಡೆ ಸರಿಸಿದರು. ನಮ್ಮೂರಿನ ಶಾಸ್ತ್ರದ ಪ್ರಕಾರ ಅದನ್ನು ಮುಟ್ಟುವ ಹಾಗಿಲ್ಲ. ತಿಂದೆ. ಇದನ್ನು ಓದುವ ನಮ್ಮ ಮನೆಯವರು ಕ್ಷಮಿಸಬೇಕು.

‘ಇದ್ದರೆ ಬಿಡುತ್ತೀಯಾ, ನಿಜವಾಗಿ?’ ಎಂದು ಫ್ರಾವ್ ವೆಂಟ್ ಕೇಳಿದರು.

‘ಹೇಳಿದ್ದೇನಲ್ಲ.’

‘ನಿಮ್ಮಪ್ಪನೂ ಹೇಳುತ್ತಿದ್ದ, ಬಹಳ.’

‘ನಿನ್ನ ಅಮ್ಮನ ಕೋಟಿನಲ್ಲಿ ಅರ್ಧ ನನ್ನವು, ಹೆಲ್ಗಾ. ಬಾಯಿ ಮುಚ್ಚಿ ಬ್ರೆಡ್ ತಿನ್ನು.’

ಹರ್ಮಾನ್ ನಕ್ಕರು. ಆದರೆ ಫ್ರಾವ್ ವೆಂಟ್ ಬ್ರೆಡ್ ಮುಟ್ಟಲಿಲ್ಲ.

ಭಾನುವಾರ ಬೆಳಗ್ಗೆ

ಬೆಳಕು ಹರಿಯುವಾಗ ಹೊಲದ ಮೇಲೆ ಮಂಜು ಮೊಣಕಾಲೆತ್ತರ ನಿಂತಿತ್ತು. ಪಶ್ಚಿಮದಲ್ಲಿ ಮೋಡ ಆಗಲೇ ಗಟ್ಟಿಯಾಗುತ್ತಿತ್ತು. ನಾನು ನೇರ ಕಂಬದ ಹತ್ತಿರ ಓಡಿದೆ. ನಿನ್ನೆ ನಾವು ಕೆದರಿದ ಹುಲ್ಲು ಹಾಗೇ ಇತ್ತು. ತೂತಿಲ್ಲ. ಸುತ್ತ ನೋಡಿದೆ, ಇನ್ನೂ ದೊಡ್ಡ ಸುತ್ತು ಹಾಕಿದೆ. ಇಲ್ಲ.

ಆಗ ನನಗೆ ಅನ್ನಿಸಿದ್ದು ಇದು: ತೂತು ಇರಲೇ ಇಲ್ಲ. ಎರೆ ಮಣ್ಣು ಕಂಡು ನನ್ನ ತಲೆ ಊರಿಗೆ ಹೋಗಿದೆ. ಕಾಲು ಅಲ್ಲಿಯ ಯಾವುದೋ ಬಿಲವನ್ನು ಇಲ್ಲಿ ಮುಚ್ಚಿದೆ. ಇಲ್ಲದ ತೂತಿನ ಆಸೆ ತೋರಿಸಿ ಆ ಹೆಂಗಸನ್ನು ರಾತ್ರಿಯಿಡೀ ಎಚ್ಚರವಾಗಿಟ್ಟೆ.

ಟ್ರ್ಯಾಕ್ಟರ್ ಬಂತು. ಹಿಂದೆ ನೇಗಿಲ ಸಾಲು. ಫ್ರಾವ್ ವೆಂಟ್ ದಾರಿಯಲ್ಲಿ ಕೈಕಟ್ಟಿ ನಿಂತು ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಹರ್ಮಾನ್ ಕಡೆ ತಿರುಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಿತು, ನೇಗಿಲು ಇನ್ನೂ ಮೇಲೆ ಇದ್ದ ಹಾಗೇ. ಸ್ವಲ್ಪ ದೂರ ಹೋಗಿ ನಿಂತಿತು. ಎಂಜಿನ್ ಆರಿತು. ಎತ್ತರದ ಆ ಸೀಟಿನಿಂದ ಹರ್ಮಾನ್ ಕಂಬದ ಕಡೆ ಅಲ್ಲ, ಅದರ ಪೂರಾ ವಿರುದ್ಧ ದಿಕ್ಕಿಗೆ, ಚರಂಡಿಯ ಪಕ್ಕಕ್ಕೆ ಕೈ ತೋರಿಸುತ್ತಿದ್ದರು.

ಕಪ್ಪು ನೆಲದ ಮೇಲೆ ಹಳದಿ ಮಣ್ಣು.

ಒಂದು ಬೊಗಸೆಯಷ್ಟಲ್ಲ, ಒಂದು ಮೊರದ ತುಂಬ, ಅರಿಸಿನ ಚೆಲ್ಲಿದ ಹಾಗೆ. ಕರಿ ಮಣ್ಣಿನ ಪದರದ ಕೆಳಗೆ, ಆಳು ಇಳಿದರೆ ಸೊಂಟ ಮುಳುಗುವಷ್ಟು ಆಳದಲ್ಲಿ, ಹಳದಿ ಮಣ್ಣಿದೆಯಂತೆ. ಒಂದೇ ರಾತ್ರಿಯಲ್ಲಿ ಅಷ್ಟು ಕೆಳಗಿನದನ್ನು ಯಾರೋ ಮೇಲೆ ತಂದು ಹರವಿದ್ದರು. ಪಕ್ಕದಲ್ಲಿ ದುಂಡನೆಯ ಕಪ್ಪು ಬಾಯಿ.

ನಾವು ಹತ್ತಿರ ಹೋಗುವಷ್ಟರಲ್ಲಿ ಅದು ಹೊರಗೆ ಬಂತು.

ನಾನು ಇಲಿಯನ್ನು ನಿರೀಕ್ಷಿಸಿದ್ದೆ. ಇದಕ್ಕೆ ಯಾವ ಇಲಿಯ ಅಂಜಿಕೆಯೂ ಇರಲಿಲ್ಲ. ಮೊಲದ ಮರಿಯಷ್ಟು ದಪ್ಪ, ಬೆನ್ನು ಕೆಂಗಂದು, ಕೆನ್ನೆಯಲ್ಲಿ ಬಿಳಿ ಪಟ್ಟೆ, ಕಾಳು ತುಂಬಿ ಉಬ್ಬಿದ ಗಲ್ಲ. ಕೋಟಿನೊಳಗೆ ನಾನು ಸವರಿದ ಬಣ್ಣವೇ, ಆದರೆ ಉಸಿರಾಡುತ್ತಿತ್ತು. ನಮ್ಮನ್ನು ಕಂಡದ್ದೇ ಗಲ್ಲದ ಕಾಳನ್ನು ಉಗುಳಿ, ಹಿಂಗಾಲಿನ ಮೇಲೆ ನೆಟ್ಟಗೆ ಎದ್ದು ನಿಂತಿತು. ಆಗ ಹೊಟ್ಟೆ ಕಂಡಿತು. ಕಪ್ಪು. ಎರೆ ಮಣ್ಣಿನಷ್ಟೇ ಕಪ್ಪು, ಅದರ ಮೇಲೆ ಎರಡು ಬಿಳಿ ಅಂಗೈ. ಹಲ್ಲು ಬಿಟ್ಟು ಬುಸುಗುಟ್ಟಿತು. ನನ್ನ ಮೇಲಲ್ಲ, ಡೆರಿಕ್ ಮೇಲಲ್ಲ. ನಮ್ಮ ಹಿಂದೆ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ. ಚಕ್ರದ ಕಾಲುಭಾಗದಷ್ಟೂ ಎತ್ತರವಿಲ್ಲದ ಪ್ರಾಣಿ ಚಕ್ರಕ್ಕೆ ದಾರಿ ಬಿಡೆನೆಂದು ನಿಂತಿತ್ತು.

ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಒತ್ತಿದ ನೆನಪಿದೆ. ರೀಲು ತೊಳೆಸಿದಾಗ ಕೂಳೆ ಬಂದಿತ್ತು, ಹಳದಿ ಮಣ್ಣಿನ ಕಲೆ ಬಂದಿತ್ತು; ಅದು ಬಂದಿರಲಿಲ್ಲ.

‘ಹರ್ಮಾನ್, ಎಂಜಿನ್ ಹಾಕಬೇಡ,’ ಎಂದು ಫ್ರಾವ್ ವೆಂಟ್ ಪಿಸುಗುಟ್ಟಿದರು.

‘ನಾನೇನು ದಡ್ಡನೇ?’

ಡೆರಿಕ್ ನನ್ನ ಕಿವಿಯ ಹತ್ತಿರ ಬಾಗಿದ. ‘ನೀನು ಮುಚ್ಚಿದ್ದು ಇದೇ ತೂತಾ?’

‘ಗೊತ್ತಿಲ್ಲಲೇ. ನಾ ಕಂಬದ ಹತ್ರ ಅಂದಿದ್ದೆ.’

‘ಅದ್ರತ್ರ ಕೇಳು ಮಾರಾಯ. ಅದಕ್ಕೆ ನಿನ್ನ ಶೂ ಗುರ್ತ ಇರ್ಬಹುದು.’

ಮೊದಲ ಹನಿ ಬಿದ್ದಾಗ ಅದು ಬಿಲದೊಳಗೆ ಧುಮುಕಿತು. ಇಳಿದದ್ದು ಕಾಣಲಿಲ್ಲ, ಇತ್ತು, ಇಲ್ಲ. ಹರ್ಮಾನ್ ಸೀಟಿನಿಂದ ಇಳಿದು, ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು, ಮಳೆಯಲ್ಲಿ ಮನೆಯ ಕಡೆ ನಡೆದರು. ಫ್ರಾವ್ ವೆಂಟ್ ಕೆಳಗೆ ಕೂತು ಅದು ಉಗುಳಿಹೋದ ಗೋಧಿ ಕಾಳುಗಳನ್ನು ಆರಿಸಿ, ಬಿಲದ ಬಾಯಿಗೆ ಹತ್ತಿರವಾಗಿ ಇಟ್ಟರು.

ಮತ್ತೆ ವೋಲ್ಫ್ಸ್‌ಬುರ್ಗ್

ಆ ವಾರ ಫೋನ್ ಕಾರ್ಡು ಕೊಂಡು ಗದಗಿನಲ್ಲಿರುವ ಅಕ್ಕನಿಗೆ ಮಾಡಿದೆ. ಅವಳು ನನಗಿಂತ ಏಳೆಂಟು ವರ್ಷ ದೊಡ್ಡವಳು. ನನ್ನ ಅನುಮಾನಗಳಿಗೆ ಅವಳೇ ಕೋರ್ಟು.

‘ಇಲಿ ನೋಡಾಕ ಜರ್ಮನಿಗೆ ಹೋಗಬೇಕಿತ್ತೇನೋ ಬಸೂ?’

‘ಅಕ್ಕಾ, ಅಜ್ಜಿ ಹೊಲದಾಗ ಇಲಿ ಬಿಲ ಅಗದು ಜ್ವಾಳದ ತೆನಿ ತಗೀತಿದ್ಲಲ್ಲ, ಉಡಿಯಾಗ ಹಾಕ್ಕೊಂಡು...’

‘ಯಾವ ಅಜ್ಜಿ? ನೀ ಹುಟ್ಟೂದಕ್ಕೂ ಮೊದ್ಲ ಅಕಿ ಹ್ವಾದ್ಲು. ಅಗದಾಕಿ ನಾನು! ನನ್ನ ಲಂಗದ ಉಡಿ ಅದು. ನನ್ನ ಮುದುಕಿ ಮಾಡಿ ಇಟ್ಟೀಯಲ್ಲೋ, ಭಾಡ್ಯಾ.’

‘ನಾನೂ ಇದ್ನಾ ಅಲ್ಲಿ?’

‘ಇರದೇನು? ಹಿಮ್ಮಡಿಲೆ ತೂತು ಮುಚ್ಚಾಂವ ನೀನು. ಅದೊಂದ ಕೆಲಸ ನಿನಗ ಬರತಿತ್ತು.’

‘ಆ ಜ್ವಾಳ ಏನ್ ಮಾಡಿದ್ರಿ?’

‘ರೊಟ್ಟಿ ಬಡದ್ವಿ. ನೀನೂ ತಿಂದಿ.’

ಕಾರ್ಡು ಮುಗಿದು ಫೋನು ತಾನೇ ಕಟ್ಟಾಯಿತು. ನಮ್ಮ ಹೊಲದಲ್ಲಿ ಈಗ ಬಿಲ ಇವೆಯೇ ಎಂದು ಕೇಳುವುದು ಉಳಿಯಿತು.

ಅಕ್ಟೋಬರ್ ತಿಂಗಳಲ್ಲಿ ಚಳಿ ಸುರುವಾಯಿತು. ಒಂದು ಸಂಜೆ ಫ್ರಾವ್ ವೆಂಟ್ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ಹೀಗೆ ಅವರು ಮೇಲೆ ಬಂದವರಲ್ಲ. ಬಾಟಲಿ ಎಲ್ಲೋ ತಪ್ಪು ಡಬ್ಬಿಗೆ ಹೋಗಿದೆ ಎಂದುಕೊಂಡೆ.

‘ಹರ್ಮಾನ್ ಫೋನ್ ಮಾಡಿದ್ದ. ಆ ಜಾಗ ಇನ್ನೂ ಕೂಳೆಯಾಗಿಯೇ ಇದೆ, ಸುತ್ತಲೂ ಉತ್ತಿದ್ದಾನೆ. ಇವತ್ತು ನೋಡಲು ಹೋದನಂತೆ. ಬಿಲ ಮುಚ್ಚಿದೆ.’

ನಾನು ಕೇಳಿದೆ, ‘ಯಾರು ಮುಚ್ಚಿದರು?’

ಅವರು ನನ್ನ ಶೂಗಳ ಕಡೆ ನೋಡಿದರು. ಆ ಮುಖದಲ್ಲಿ ನಗು ಹರಡುವುದನ್ನು ಅಂದೇ ಮೊದಲು ಕಂಡೆ.

‘ಅದೇ ಮುಚ್ಚಿಕೊಂಡಿದೆ,’ ಎಂದರು. ‘ಒಳಗಿನಿಂದ. ಚಳಿಗಾಲಕ್ಕೆ ಮಲಗಿದೆ.’